ನಿವೃತ್ತಿಯ ನಂತರದ ದಿನಚರಿ: ಆರೋಗ್ಯಕ್ಕೂ ನೆಮ್ಮದಿಗೂ ಒಂದೇ ದಾರಿ



ಈ ಕಿರುಹೊತ್ತಿಗೆಯನ್ನು ನೀವು ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕುಳಿತು ಓದುತ್ತಿರಬಹುದು, ಇಲ್ಲವೆ ವಾರ್ಡಿನಲ್ಲಿ ನಿಮ್ಮವರ ಮಂಚದ ಪಕ್ಕದಲ್ಲಿ ಕುಳಿತು ಓದುತ್ತಿರಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು, ಕಣ್ಣಿನ ಪೊರೆ ಮುಂತಾದ ತೊಂದರೆಗಳನ್ನು ವೈದ್ಯರು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ, ಅವಕ್ಕೆ ಔಷಧಿ ಕೊಡುತ್ತಾರೆ. ಆದರೆ ಚೀಟಿಯಲ್ಲಿ ಬರೆಯದೆ ಉಳಿಯುವ ಒಂದು ಸಂಗತಿ ಇದೆ. ಕೆಲಸದಿಂದ ನಿವೃತ್ತರಾದವರು ಬೆಳಿಗ್ಗೆಯಿಂದ ರಾತ್ರಿಯವರೆಗೆ ದಿನವನ್ನು ಹೇಗೆ ಕಳೆಯುತ್ತಾರೆ ಎಂಬುದೇ ಆ ಸಂಗತಿ. ಇದಕ್ಕೂ ಕಾಯಿಲೆಗೂ ಹತ್ತಿರದ ಸಂಬಂಧವಿದೆ.

ಒಂದು ಉದಾಹರಣೆ

ಇದು ಯಾರೋ ಒಬ್ಬರ ಕಥೆಯಲ್ಲ, ಅನೇಕರ ಅನುಭವಗಳನ್ನು ಕೂಡಿಸಿ ಹೇಳುವ ಉದಾಹರಣೆ. ಬಸ್ ನಿರ್ವಾಹಕರಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಒಬ್ಬರು 60ನೇ ವಯಸ್ಸಿಗೆ ನಿವೃತ್ತರಾದರು. ಹಾರ ತುರಾಯಿ ಹಾಕಿ, ಶಾಲು ಹೊದಿಸಿ ಕಳಿಸಿಕೊಟ್ಟರು. ಮೊದಲ ಎರಡು ತಿಂಗಳು ಊರು, ನೆಂಟರು, ಜಾತ್ರೆ ಎಂದು ಸಂತೋಷವಾಗಿ ಕಳೆಯಿತು. ಆಮೇಲೆ ಒಂದೊಂದೇ ತೊಂದರೆ ಶುರುವಾಯಿತು. ಮೊದಲ ಪಾಳಿಯ ಬಸ್ಸಿಗೆ ಹೋಗಿ ರೂಢಿಯಾದ ದೇಹ, ಬೆಳಗಿನ ನಾಲ್ಕಕ್ಕೇ ಎಚ್ಚರಗೊಳ್ಳುತ್ತಿತ್ತು. ಎದ್ದು ಮಾಡುವುದೇನೂ ಇಲ್ಲ. ಜಗಲಿಯ ಮೇಲೆ ಕೂರುವುದು, ಬಂದುಹೋಗುವ ಬಸ್ಸಿನ ಸದ್ದು ಕೇಳುವುದು. ಹಸಿವು ಕಡಿಮೆಯಾಯಿತು, ಎದೆಯಲ್ಲಿ ಏನೋ ಭಾರ, ರಾತ್ರಿ ನಿದ್ರೆಯಿಲ್ಲ. ಮೂರು ಸಲ ಆಸ್ಪತ್ರೆಗೆ ಬಂದರು. ಇಸಿಜಿ, ರಕ್ತ ಪರೀಕ್ಷೆ ಎಲ್ಲವೂ ಸರಿಯಾಗಿಯೇ ಇದ್ದವು.

ಕೊನೆಗೆ ವೈದ್ಯರು, "ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡಿದಿರಿ, ಹೇಳಿ" ಎಂದು ಕೇಳಿದರು. ಅವರು ಸುಮ್ಮನೆ ಕುಳಿತರು. ಉತ್ತರ ಕೊಟ್ಟವರು ಅವರ ಹೆಂಡತಿ. "ಏನೂ ಮಾಡಲ್ರೀ ಡಾಕ್ಟ್ರೆ. ಕೂತ ಜಾಗದಿಂದ ಏಳೋದಿಲ್ಲ. ಇಲ್ಲಾಂದ್ರೆ ಅಡುಗೆಮನೆ ಬಾಗಿಲಿಗೆ ಬಂದು ನಾನು ಮಾಡಿದ್ದಕ್ಕೆಲ್ಲ ಒಂದೊಂದು ಮಾತು ಅಂತಾರೆ. ನನಗೂ ಸಾಕಾಗಿದೆ."

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಎದೆಭಾರ, ಉಸಿರುಗಟ್ಟುವಿಕೆ, ಕಾರಣವಿಲ್ಲದೆ ತೂಕ ಇಳಿಯುವುದು ಮುಂತಾದವನ್ನು "ಕೆಲಸವಿಲ್ಲದ್ದಕ್ಕೆ ಹೀಗಾಗಿದೆ" ಎಂದು ಮನೆಯಲ್ಲೇ ತೀರ್ಮಾನಿಸಬಾರದು. ಮೊದಲು ವೈದ್ಯರಿಂದ ಪರೀಕ್ಷೆ ಆಗಲೇಬೇಕು. ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದೆ ಎಂದಾದ ಮೇಲೂ ತೊಂದರೆ ಉಳಿದರೆ, ಆಗ ದಿನಚರಿಯ ಕಡೆ ನೋಡಬೇಕು.

ನಿವೃತ್ತಿಯಲ್ಲಿ ಕಳೆದುಹೋಗುವುದು ಸಂಬಳ ಮಾತ್ರವೇ?

ಅಲ್ಲ. ನೌಕರಿ ನಮಗೆ ಗೊತ್ತಿಲ್ಲದೆಯೇ ನಾಲ್ಕು ಸಂಗತಿಗಳನ್ನು ಒದಗಿಸುತ್ತಿತ್ತು. ಎದ್ದು ಹೊರಡುವ ಹೊತ್ತು ಒಂದು. ದೇಹಕ್ಕೆ ನಡಿಗೆ, ಓಡಾಟ ಇನ್ನೊಂದು. ದಿನಕ್ಕೆ ಹತ್ತಾರು ಜನರೊಂದಿಗೆ ಮಾತು ಮೂರನೆಯದು. "ನನ್ನಿಂದ ಒಬ್ಬರಿಗೆ ಉಪಯೋಗವಿದೆ" ಎಂಬ ಭಾವನೆ ನಾಲ್ಕನೆಯದು. ಸಂಬಳದ ಜಾಗಕ್ಕೆ ಪಿಂಚಣಿ ಬರಬಹುದು. ಈ ನಾಲ್ಕರ ಜಾಗಕ್ಕೆ ತಾನಾಗಿ ಏನೂ ಬರುವುದಿಲ್ಲ. ನಾವೇ ತಂದುಕೊಳ್ಳಬೇಕು.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲೆ ಅವರು 1976ರಲ್ಲಿ ನಿವೃತ್ತಿಯ ಹಂತಗಳನ್ನು ವಿವರಿಸಿದರು. ಮೊದಲು ಹಬ್ಬದಂತಹ ಸಂತೋಷ, ಅನಂತರ ಬೇಸರ ಮತ್ತು ನಿರಾಸೆ, ಆಮೇಲೆ ಹೊಸದಾಗಿ ಹೊಂದಿಸಿಕೊಳ್ಳುವ ಪ್ರಯತ್ನ, ಕೊನೆಗೆ ಸ್ಥಿರತೆ. ಎಲ್ಲರಿಗೂ ಎಲ್ಲ ಹಂತಗಳೂ ಬರುತ್ತವೆಂದಲ್ಲ. ಆದರೆ ಎರಡನೇ ಹಂತದಲ್ಲಿರುವವರು ಒಂದು ಮಾತು ತಿಳಿದಿರಬೇಕು. ಈ ಬೇಸರ ನಿಮ್ಮೊಬ್ಬರಿಗೇ ಬಂದದ್ದಲ್ಲ, ಇದಕ್ಕೆ ನಾಚಿಕೆಪಡಬೇಕಾಗಿಲ್ಲ, ಇದು ದಾಟಬಹುದಾದ ಹಂತ.

ನಮ್ಮ ದೇಶದಲ್ಲಿ 60 ವರ್ಷ ತಲುಪಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಹುಟ್ಟಿದ ಮಗು ಬೆಳೆದು ಕಾಲೇಜು ಸೇರುವಷ್ಟು ದೀರ್ಘ ಕಾಲ ಇದು. ಇಷ್ಟು ಕಾಲವನ್ನು "ಇನ್ನೇನಿದೆ" ಎಂದು ಕೂತು ಕಳೆಯುವುದು ತರವಲ್ಲ.

ನಾಲ್ಕು ಕಾಲಿನ ಮಂಚ

ಮಂಚದ ಒಂದು ಕಾಲು ಗಿಡ್ಡವಾದರೂ ಮಲಗಿದವರಿಗೆ ನೆಮ್ಮದಿಯಿಲ್ಲ. ನಿವೃತ್ತರ ದಿನಚರಿಯೂ ಹಾಗೆಯೇ. ದೇಹ, ಮನಸ್ಸು, ಜನ, ಉಪಯೋಗ ಎಂಬ ನಾಲ್ಕಕ್ಕೂ ಪ್ರತಿದಿನ ಸ್ವಲ್ಪ ಸ್ವಲ್ಪ ಹೊತ್ತು ಸಲ್ಲಬೇಕು.

1. ದೇಹಕ್ಕೆ

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ ಬಿರುಸಿನ ನಡಿಗೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. 65 ದಾಟಿದವರು ಇದರೊಂದಿಗೆ ವಾರಕ್ಕೆ ಮೂರು ದಿನವಾದರೂ ಕಾಲಿನ ಬಲ ಮತ್ತು ದೇಹದ ಸಮತೋಲನಕ್ಕಾಗಿ ವ್ಯಾಯಾಮ ಮಾಡಬೇಕು. ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದನ್ನು ತಪ್ಪಿಸಲು ಇದು ಬಹಳ ಮುಖ್ಯ.

ಮನೆಯಲ್ಲೇ ಮಾಡಬಹುದಾದ ಎರಡು ವ್ಯಾಯಾಮಗಳು ಇಲ್ಲಿವೆ. ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಲ್ಲಿ ಕುಳಿತು, ಆದಷ್ಟು ಕೈ ಊರದೆ ಹತ್ತು ಸಲ ಏಳುವುದು, ಕೂರುವುದು. ಗೋಡೆ ಹಿಡಿದುಕೊಂಡು ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು ಹತ್ತು ಎಣಿಸುವವರೆಗೆ ನಿಲ್ಲುವುದು. ಹೃದ್ರೋಗಿಗಳು, ಶಸ್ತ್ರಚಿಕಿತ್ಸೆಯಾದವರು ಮತ್ತು ಮಂಡಿನೋವು ಹೆಚ್ಚಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದು. ಜೇಬಿನಲ್ಲಿ ನಾಲ್ಕು ಚಮಚದಷ್ಟು ಸಕ್ಕರೆಯ ಪೊಟ್ಟಣ ಇರಲಿ. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಬೇಕು.

ಆಹಾರದ ಬಗ್ಗೆಯೂ ಒಂದು ಮಾತು. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ. ಅನ್ನ ಸಾರು ಮಾತ್ರ ಉಂಡರೆ ಸಾಲದು. ಬೇಳೆ, ಮೊಳಕೆ ಕಾಳು, ಮೊಸರು, ಹಾಲು, ಶೇಂಗಾ ಇವುಗಳಲ್ಲಿ ಯಾವುದಾದರೂ ಒಂದು ಪ್ರತಿ ಊಟದಲ್ಲೂ ಇರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು. ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ಸೇವಿಸಿದವರಲ್ಲೂ ಇದು ಕಂಡುಬರುತ್ತದೆ. ಪಾದ ಜುಮುಗುಟ್ಟುವುದು, ಸುಸ್ತು, ಮರೆವು ಇದ್ದರೆ ರಕ್ತ ಪರೀಕ್ಷೆಯಿಂದ ಕೊರತೆಯನ್ನು ಕಂಡುಹಿಡಿಯಬಹುದು, ಚಿಕಿತ್ಸೆಯೂ ಸುಲಭ. ಎಷ್ಟೋ ಸಲ "ವಯಸ್ಸಾಯಿತು" ಎಂದು ಬಿಟ್ಟುಬಿಟ್ಟ ತೊಂದರೆಗೆ ಇದೇ ಕಾರಣವಾಗಿರುತ್ತದೆ.

2. ಮನಸ್ಸಿಗೆ

ಹೊಸದನ್ನು ಕಲಿಯುವ ಮನಸ್ಸು ಚುರುಕಾಗಿರುತ್ತದೆ. ಕಲಿಯಲು ವಯಸ್ಸಿನ ಮಿತಿಯಿಲ್ಲ. ಇದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನಗಳಿವೆ. ನಿಘಂಟು ತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1973ರಲ್ಲಿ ಕಾಲೇಜು ಸೇವೆಯಿಂದ ನಿವೃತ್ತರಾದರು. ಪ್ರಜಾವಾಣಿಯಲ್ಲಿ ಓದುಗರ ಪದಸಂದೇಹಗಳನ್ನು ಬಿಡಿಸುವ 'ಇಗೋ ಕನ್ನಡ' ಅಂಕಣವನ್ನು ಅವರು ಆರಂಭಿಸಿದ್ದು 1991ರಲ್ಲಿ, ಅಂದರೆ 78ರ ಆಸುಪಾಸಿನಲ್ಲಿ. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಮಾಸ್ತಿ ವೆಂಕಟೇಶ ಅಯ್ಯಂಗಾರರು 1943ರಲ್ಲಿ ಮೈಸೂರು ಸರ್ಕಾರದ ಸೇವೆಯಿಂದ ಹೊರಬಂದವರು. ಅವರ 'ಚಿಕವೀರ ರಾಜೇಂದ್ರ' ಕಾದಂಬರಿ ಪ್ರಕಟವಾದದ್ದು 1956ರಲ್ಲಿ. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು.

ನಾವೆಲ್ಲ ಅಷ್ಟು ದೊಡ್ಡ ಕೆಲಸ ಮಾಡಬೇಕೆಂದಿಲ್ಲ. ದಿನಪತ್ರಿಕೆಯ ಒಂದು ಲೇಖನವನ್ನು ಓದಿ ಮನೆಯವರಿಗೆ ಹೇಳುವುದು, ಮನೆತನದ ಹಿರಿಯರ ಹೆಸರು, ಊರು, ನೆನಪುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು, ಹಾರ್ಮೋನಿಯಂ, ಭಜನೆ ಇಲ್ಲವೆ ತಬಲಾ ಕಲಿಯುವುದು, ಮೊಮ್ಮಗನಿಂದ ಮೊಬೈಲ್ ಬಳಕೆ ಕಲಿಯುವುದು, ಇವೆಲ್ಲವೂ ಸಾಕು. ಮೊಬೈಲ್ ಬಳಸುವವರು ಒಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಪೊಲೀಸರೆಂದು ಹೇಳಿಕೊಂಡು ಫೋನಿನಲ್ಲೇ ಬಂಧಿಸುವುದಾಗಿ ಹೆದರಿಸಿ ಹಣ ಕೇಳುವವರು ವಂಚಕರು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕಿವಿ ಮತ್ತು ಕಣ್ಣಿನ ಪರೀಕ್ಷೆಯನ್ನು ಮುಂದೂಡಬೇಡಿ. ಕಿವಿ ಮಂದವಾದವರು ಮಾತು ಕೇಳಿಸದೆ ನಾಲ್ಕು ಜನರ ನಡುವೆ ಕೂರುವುದನ್ನೇ ಬಿಡುತ್ತಾರೆ. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು ಮರೆಗುಳಿ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ, ಆದರೆ ಬದಲಾಯಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಕಿವುಡುತನ, ಚಿಕಿತ್ಸೆಯಾಗದ ದೃಷ್ಟಿದೋಷ, ಒಂಟಿತನ, ಖಿನ್ನತೆ, ಚಟುವಟಿಕೆಯಿಲ್ಲದ ಜೀವನ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ ಇವೆಲ್ಲ ಆ ಪಟ್ಟಿಯಲ್ಲಿವೆ.

3. ಜನರ ಜೊತೆಗೆ

ದಿನಕ್ಕೆ ಒಬ್ಬರ ಜೊತೆಗಾದರೂ, ಮನೆಯವರನ್ನು ಬಿಟ್ಟು, ಎದುರು ಬದುರು ಕೂತು ಮಾತಾಡಬೇಕು. ಟಿ.ವಿ. ಇದಕ್ಕೆ ಬದಲಿಯಲ್ಲ. ಬೆಳಗಿನ ನಡಿಗೆಯ ಗೆಳೆಯರು, ದೇವಸ್ಥಾನದ ಕಟ್ಟೆ, ಗ್ರಂಥಾಲಯ, ಪಿಂಚಣಿದಾರರ ಸಂಘ, ಭಜನಾ ಮಂಡಳಿ, ಯಾವುದಾದರೂ ಸರಿ. ಹಳೆಯ ಕಚೇರಿಗೆ ಪದೇ ಪದೇ ಹೋಗಿ ಕೂರುವುದನ್ನು ಮಾತ್ರ ಕ್ರಮೇಣ ಕಡಿಮೆ ಮಾಡಿ. ಅಲ್ಲಿರುವವರಿಗೆ ಅವರ ಕೆಲಸವಿರುತ್ತದೆ. ಅವರು ಮೊದಲಿನಂತೆ ಎದ್ದು ನಿಲ್ಲಲಿಲ್ಲವೆಂದು ನೀವು ನೊಂದುಕೊಂಡು ಬರುತ್ತೀರಿ.

4. ಉಪಯೋಗಕ್ಕೆ

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದರು. ಸಂಬಳಕ್ಕಾಗಿ ಮಾಡುವ ನೌಕರಿಗೆ ನಿವೃತ್ತಿಯ ಆದೇಶ ಬರುತ್ತದೆ. ಶಕ್ತಿಯಿದ್ದಷ್ಟು ಮಾಡುವ ಕಾಯಕಕ್ಕೆ ಅಂಥ ಆದೇಶವಿಲ್ಲ.

ನಿಮಗೆ ಗೊತ್ತಿರುವ ಕೆಲಸದಿಂದಲೇ ಆರಂಭಿಸಿ. ನಿವೃತ್ತ ಶಿಕ್ಷಕರು ಓಣಿಯ ಹತ್ತನೇ ತರಗತಿ ಮಕ್ಕಳಿಗೆ ಗಣಿತ ಹೇಳಿಕೊಡಬಹುದು. ಬ್ಯಾಂಕಿನಲ್ಲಿದ್ದವರು ಓದು ಬಾರದವರಿಗೆ ಚಲನ್ ತುಂಬಿಕೊಡಬಹುದು. ವಿದ್ಯುತ್ ಇಲಾಖೆಯಲ್ಲಿದ್ದವರು ಶಾಲೆಯ ಕೆಟ್ಟ ಫ್ಯಾನು ರಿಪೇರಿ ಮಾಡಿಕೊಡಬಹುದು. ಮಣ್ಣಿನ ಆಸೆ ಇರುವವರು ಹಿತ್ತಲಲ್ಲಿ ಕರಿಬೇವು, ನುಗ್ಗೆ, ಬಸಳೆ ಬೆಳೆಸಿ ನೆರೆಮನೆಗೂ ಕೊಡಬಹುದು. ದಾಸೋಹದ ಅಡುಗೆಮನೆಯಲ್ಲಿ ಕೂತು ಕಾಯಿಪಲ್ಲೆ ಸೋಸಿಕೊಡುವವರಿಗೂ ಬೇಡಿಕೆ ಇದ್ದೇ ಇದೆ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ ಸಾಕು. ಆದರೆ ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗಲೇಬೇಕು. "ಅವರು ನನಗಾಗಿ ಕಾಯುತ್ತಿರುತ್ತಾರೆ" ಎಂಬ ಮಾತಿನಲ್ಲಿರುವ ಶಕ್ತಿ ದೊಡ್ಡದು.

ಒಂದು ದಿನದ ಮಾದರಿ

ಬೆಳಿಗ್ಗೆ 5.30: ಏಳುವುದು, ನೀರು ಕುಡಿಯುವುದು, ಪ್ರಾರ್ಥನೆ ಅಥವಾ ಧ್ಯಾನ.
6.15: 30 ನಿಮಿಷ ನಡಿಗೆ, ಅನಂತರ ಕುರ್ಚಿ ವ್ಯಾಯಾಮ.
8.00: ಸ್ನಾನ, ತಿಂಡಿ, ವೈದ್ಯರು ಹೇಳಿದ ಮಾತ್ರೆಗಳು.
9.30: ಪತ್ರಿಕೆ, ಓದು, ಬರಹ.
10.30: ಮನೆಗೆಲಸದಲ್ಲಿ ನಿಮ್ಮ ಪಾಲು ಅಥವಾ ಹೊರಗಿನ ಸೇವೆ.
ಮಧ್ಯಾಹ್ನ 1.00: ಊಟ. ಮಲಗುವುದಿದ್ದರೆ ಅರ್ಧ ಗಂಟೆ ಮಾತ್ರ.
3.30: ಚಹಾ ಅಥವಾ ಕಾಫಿ. ಇದಾದ ಮೇಲೆ ಬೇಡ, ರಾತ್ರಿ ನಿದ್ರೆ ಕೆಡುತ್ತದೆ.
ಸಂಜೆ 5.00: ಗೆಳೆಯರು, ಗ್ರಂಥಾಲಯ, ಮೊಮ್ಮಕ್ಕಳು, ಕೈತೋಟ.
ರಾತ್ರಿ 8.00: ಹಗುರ ಊಟ.
9.45: ಮಲಗುವುದು.

ಇದು ಮಾದರಿ ಮಾತ್ರ. ನಿಮ್ಮ ಊರು, ದೇಹಸ್ಥಿತಿ, ಮನೆಯ ಅನುಕೂಲ ನೋಡಿ ಬದಲಾಯಿಸಿಕೊಳ್ಳಿ. ಎಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ. ಮೊದಲ ವಾರ ಏಳುವ ಹೊತ್ತು ಮತ್ತು ನಡಿಗೆ ಮಾತ್ರ. ಎರಡನೇ ವಾರ ಇನ್ನೊಂದು. ಈಗ ವಾರ್ಡಿನಲ್ಲಿ ಇರುವವರು ಬಿಡುಗಡೆಯಾಗುವ ದಿನ ವೈದ್ಯರನ್ನು ಮೂರು ಪ್ರಶ್ನೆ ಕೇಳಿ. ಎಷ್ಟು ದೂರ ನಡೆಯಬಹುದು? ಎಷ್ಟು ಭಾರ ಎತ್ತಬಹುದು? ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು?

ನಿವೃತ್ತಿಯೇ ಇಲ್ಲದವರು

ಹೊಲದಲ್ಲಿ ದುಡಿಯುವವರಿಗೆ, ಕೂಲಿಯವರಿಗೆ ಸನ್ಮಾನದ ಶಾಲು ಹೊದಿಸಿ ಯಾರೂ ಕಳಿಸಿಕೊಡುವುದಿಲ್ಲ. ಮೈಯಲ್ಲಿ ಕಸುವು ಇಲ್ಲದ ದಿನ ಅವರೇ ಸುಮ್ಮನಾಗಬೇಕು. ಅಂಥವರು ಕೆಲಸವನ್ನು ಪೂರ್ತಿ ಬಿಡುವ ಬದಲು ಭಾರದ ಕೆಲಸವನ್ನು ಮಕ್ಕಳಿಗೆ ಕೊಟ್ಟು, ಬೀಜ ಆರಿಸುವುದು, ದನಕರು ನೋಡುವುದು, ಲೆಕ್ಕ ಇಡುವುದು ಇಂಥ ಹಗುರ ಕೆಲಸ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಮನೆಯ ತಾಯಂದಿರು. ಯಜಮಾನರು ನಿವೃತ್ತರಾದ ದಿನ ತಾಯಿಗೆ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಹಗಲೆಲ್ಲ ಚಹಾ, ಹೊತ್ತಿಗೆ ಸರಿಯಾಗಿ ಊಟ, ಮಾತಿಗೆ ಮಾತು. ಆದ್ದರಿಂದ ನಿವೃತ್ತರಾದ ಗಂಡಸರು ಮನೆಗೆಲಸದಲ್ಲಿ ಒಂದೆರಡನ್ನು ಪೂರ್ತಿಯಾಗಿ ತಮ್ಮದೆಂದು ವಹಿಸಿಕೊಳ್ಳಿ. ಸಂತೆಯಿಂದ ತರಕಾರಿ ತರುವುದು, ನೀರು ತುಂಬುವುದು, ಬೆಳಗಿನ ಚಹಾ ಮಾಡುವುದು. ಅಡುಗೆಮನೆಯ ಬಾಗಿಲಲ್ಲಿ ನಿಂತು ಸಲಹೆ ಕೊಡುವುದಕ್ಕಿಂತ ಒಳಗೆ ಹೋಗಿ ಈರುಳ್ಳಿ ಹೆಚ್ಚಿಕೊಡುವುದು ಮೇಲು. ಆಕೆಗೂ ದಿನಕ್ಕೊಂದು ಗಂಟೆ ಅವಳದೇ ಆದ ಹೊತ್ತು ಸಿಗಲಿ.

ಹಣ ಮತ್ತು ಆಸ್ತಿ

ನೆಮ್ಮದಿಗೆ ಹಣದ ಭದ್ರತೆಯೂ ಬೇಕು. ನಿವೃತ್ತಿಯಲ್ಲಿ ಬಂದ ಒಟ್ಟು ಹಣವನ್ನು ಮೊದಲ ತಿಂಗಳಲ್ಲೇ ಮನೆ ಕಟ್ಟಲು, ಮದುವೆಗೆ, ಸಾಲ ಕೊಡಲು ಖಾಲಿ ಮಾಡಬೇಡಿ. ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ. ಅದರಲ್ಲಿ 2023ರ ಏಪ್ರಿಲ್‌ನಿಂದ 30 ಲಕ್ಷ ರೂಪಾಯಿಯವರೆಗೆ ಇಡಬಹುದಾಗಿದ್ದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಪಿಂಚಣಿದಾರರು ಪ್ರತಿ ವರ್ಷ ಜೀವಿತ ಪ್ರಮಾಣಪತ್ರ ಕೊಡುವುದನ್ನು ಮರೆಯಬಾರದು.

ಆಸ್ತಿಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವ ಮುನ್ನ ಎರಡು ಸಲ ಯೋಚಿಸಿ. ಕೊಡುವುದೇ ಆದರೆ "ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲಿ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮಿನ ಪ್ರಕಾರ, ಅಂಥ ಷರತ್ತನ್ನು ಮುರಿದರೆ ಆ ವರ್ಗಾವಣೆಯನ್ನು ರದ್ದುಪಡಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಮಕ್ಕಳ ಮೇಲೆ ಅನುಮಾನಪಡಲು ಇದನ್ನು ಹೇಳುತ್ತಿಲ್ಲ. ಮುಂದೆ ಮನಸ್ತಾಪ ಬಾರದಿರಲೆಂದು ಹೇಳುತ್ತಿದ್ದೇವೆ.

ಇದು ಬರೀ ಬೇಸರವಲ್ಲ ಎಂದು ತಿಳಿಯುವುದು ಹೇಗೆ?

ಕೆಳಗಿನ ಲಕ್ಷಣಗಳಲ್ಲಿ ಹಲವು ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಭಾಗ ಕಂಡುಬಂದರೆ ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು:

• ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು
• ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು
• ಹಸಿವು ಮತ್ತು ತೂಕ ಕಡಿಮೆಯಾಗುವುದು
• ಸಣ್ಣ ಮಾತಿಗೂ ಸಿಟ್ಟು ಅಥವಾ ಅಳು
• "ನಾನು ಎಲ್ಲರಿಗೂ ಭಾರ" ಎಂದು ಪದೇ ಪದೇ ಹೇಳುವುದು
• ಕುಡಿತ ಹೆಚ್ಚಾಗುವುದು

ಇದು ಮನೋಬಲದ ಕೊರತೆಯಲ್ಲ. ಸಕ್ಕರೆ ಕಾಯಿಲೆಗೆ ಔಷಧಿ ಇರುವಂತೆ ಇದಕ್ಕೂ ಚಿಕಿತ್ಸೆ ಇದೆ, ಗುಣವಾಗುತ್ತದೆ. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ತಮಾಷೆಯೆಂದು ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಅದೇ ದಿನ ವೈದ್ಯರಿಗೆ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರ ಇತರ ತೊಂದರೆಗಳಿಗೆ 14567 ಸಹಾಯವಾಣಿ ಇದೆ.

ಹಾಗೆಯೇ, ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಸಹಜ. ದಿನಾಲೂ ಓಡಾಡುವ ದಾರಿಯನ್ನೇ ಮರೆತು ಅಲೆದಾಡುವುದು ಸಹಜವಲ್ಲ. ಅಂಥವರನ್ನು ತಪ್ಪದೆ ತೋರಿಸಬೇಕು.

ಜೊತೆಗೆ ಬಂದ ಮಕ್ಕಳು, ಸೊಸೆಯಂದಿರಿಗೆ

"ಅಪ್ಪಾ, ನೀವು ಸುಮ್ಮನೆ ಕೂತ್ಕೊಳ್ಳಿ, ಎಲ್ಲ ನಾವು ನೋಡ್ಕೊಳ್ತೀವಿ" ಎಂದು ನೀವು ಪ್ರೀತಿಯಿಂದಲೇ ಹೇಳುತ್ತೀರಿ. ಕೇಳಿದವರಿಗೆ ಅದು "ನಿಮ್ಮಿಂದ ಇನ್ನು ಏನೂ ಆಗಬೇಕಿಲ್ಲ" ಎಂದು ಕೇಳಿಸುತ್ತದೆ. ಅವರಿಂದ ಆಗುವ ಕೆಲಸವನ್ನು ಅವರಿಗೇ ಬಿಡಿ, ನಿಧಾನವಾದರೂ ಸರಿ. ಮನೆಯ ತೀರ್ಮಾನಗಳಲ್ಲಿ ಅವರ ಮಾತು ಕೇಳಿ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಮೊಮ್ಮಕ್ಕಳನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಅವರ ಮೇಲೆಯೇ ಹಾಕಿ, ಅವರಿಗೆ ನಡಿಗೆಗೂ ಬಿಡುವಿಲ್ಲದಂತೆ ಮಾಡಬಾರದು. ಸ್ನಾನದ ಮನೆಯಲ್ಲಿ ಜಾರದ ಚಾಪೆ, ಹಿಡಿದುಕೊಳ್ಳಲು ಸರಳು, ರಾತ್ರಿ ಹೋಗುವ ದಾರಿಯಲ್ಲಿ ಸಣ್ಣ ದೀಪ, ಇಷ್ಟನ್ನು ಈ ವಾರವೇ ಮಾಡಿಸಿ.

ಕೊನೆಯದಾಗಿ

ಮೊದಲು ಹೇಳಿದ ನಿರ್ವಾಹಕರ ಮಾತಿಗೆ ಬರೋಣ. ವೈದ್ಯರು ಅವರಿಗೆ ಹೊಸ ಮಾತ್ರೆ ಬರೆಯಲಿಲ್ಲ. "ವಾರಕ್ಕೆ ಎರಡು ದಿನ ಬೆಳಿಗ್ಗೆ ಬಂದು ನಮ್ಮ ಹೊರರೋಗಿ ವಿಭಾಗದ ಸರದಿ ನೋಡಿಕೊಳ್ಳುತ್ತೀರಾ?" ಎಂದು ಕೇಳಿದರು. ನೂಕುನುಗ್ಗಲು ಸಂಭಾಳಿಸುವುದು, ವಯಸ್ಸಾದವರಿಗೆ ಜಾಗ ಮಾಡಿಕೊಡುವುದು, ಓದು ಬಾರದವರಿಗೆ ಎಲ್ಲಿಗೆ ಹೋಗಬೇಕೆಂದು ಹೇಳುವುದು ಅವರಿಗೆ ಹೊಸತೇ? ಅದೇ ಕೆಲಸವನ್ನು ಅವರು ಮೂವತ್ತು ವರ್ಷ ಮಾಡಿದ್ದರು. ಈಗಲೂ ನಾಲ್ಕಕ್ಕೆ ಎಚ್ಚರವಾಗುತ್ತದೆ. ಆದರೆ ಎದ್ದು ಹೋಗಲು ಒಂದು ಜಾಗವಿದೆ. ಎದೆಭಾರ ಒಂದೇ ದಿನದಲ್ಲಿ ಹೋಗಲಿಲ್ಲ, ಕೆಲವು ತಿಂಗಳು ಹಿಡಿಯಿತು. ಹೆಂಡತಿ ಹೇಳುವಂತೆ, ಈಗ ಊಟಕ್ಕೆ ಕೂತಾಗ ಅವರಿಗೆ ಹೇಳಲು ಸುದ್ದಿ ಇರುತ್ತದೆ.

ಬಂಧುಗಳೇ, ನಿಮ್ಮ ಸರದಿ ಬರುವ ಮುನ್ನ ಈ ಹೊತ್ತಿಗೆಯ ಹಿಂಬದಿಯಲ್ಲಿ ಒಂದು ಕೆಲಸದ ಹೆಸರು ಬರೆಯಿರಿ. ನಾಳೆ ಬೆಳಿಗ್ಗೆ ಎದ್ದು ಮಾಡಬಹುದಾದ, ಚಿಕ್ಕದಾದ ಒಂದೇ ಒಂದು ಕೆಲಸ. ಅದನ್ನು ವೈದ್ಯರಿಗೂ ತೋರಿಸಿ. ಔಷಧಿಯ ಜೊತೆಗೆ ಅದೂ ನಿಮ್ಮ ಚಿಕಿತ್ಸೆಯ ಭಾಗವೇ ಆಗಲಿ. ನಿಮಗೂ ನಿಮ್ಮ ಮನೆಯವರಿಗೂ ಆಯುರಾರೋಗ್ಯ ನೆಮ್ಮದಿ ದೊರೆಯಲಿ.